ಐದೂರ ಕಪ್ಪಿನ ಮಳೆಗಾಲ

ಹೋದ ಜೂನ್ ತಿಂಗಳಲ್ಲಿ ಒಂದು ಮದುವೆಗೆಂದು ಕೊಟ್ಟೂರಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಸ್ಟೇಷನ್ ಕಡೆ ನಡೆದೆ. ಅದರ ಹಿಂದಿನ ಬಯಲಿನಲ್ಲಿ ಒಬ್ಬ ಮೇಷ್ಟ್ರು ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಅರ್ಧ ಗೆರೆ ಎಳೆಯುವಷ್ಟರಲ್ಲಿ ನಾಲ್ಕು ಹನಿ ಬಿತ್ತು. ಹಸಿ ಸುಣ್ಣದ ಆ ಖಾರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸನ್ನು ಮರೆತೆ. ಅಲ್ಲೇ ಒಂದು ಸಿಮೆಂಟ್ ಕಟ್ಟೆಯ ಮೇಲೆ ಕೂತುಬಿಟ್ಟೆ. ತೊಂಬತ್ತೆಂಟರ ಮಳೆಗಾಲವಿಡೀ ನಾನು ಆ ವಾಸನೆಯಲ್ಲಿ ಕಳೆದಿದ್ದೆ.

ನಾನು ಹಡಗಲಿ ತಾಲೂಕಿನ ಇಟ್ಟಿಗಿಯವನು. ಕೊಟ್ಟೂರಿನ ಅಂಚೆ ಕಚೇರಿಗೆ ಗುಮಾಸ್ತನಾಗಿ ಬಂದಾಗ ಇಪ್ಪತ್ನಾಲ್ಕು ವರ್ಷ. ನಮ್ಮೂರಿಗೂ ಕೊಟ್ಟೂರಿಗೂ ಅಂಥ ದೂರವೇನಿಲ್ಲ, ಆದರೂ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಪಕ್ಕದ ಊರೂ ಪರದೇಶವೇ. ಖಾನಾವಳಿಯಲ್ಲಿ ರೊಟ್ಟಿ ತಿನ್ನುವುದು, ಸಂಜೆ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಅಂಗಡಿಯಲ್ಲಿ ನಿಲ್ಲುವುದು, ವಾಪಸು ಬಂದು ಮಲಗುವುದು. ಮೊದಲ ಐದಾರು ತಿಂಗಳು ನನ್ನನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. 'ಪೋಸ್ಟಿನವ್ರು' ಅಷ್ಟೇ.

ಹೆಸರು ಕೇಳಿದ ಮೊದಲ ಮನುಷ್ಯ ಪಂಪಣ್ಣ ಮೇಷ್ಟ್ರು. ಊರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಐವತ್ತರ ಹತ್ತಿರದ ವಯಸ್ಸು, ಹೊಟ್ಟೆ ಎಂಬುದೇ ಇಲ್ಲ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಸೋಮವಾರ ಸೋಮವಾರ ಬಂದು ನಾಲ್ಕು ಇನ್‌ಲ್ಯಾಂಡ್ ಪತ್ರ ಕೊಂಡು, ನನ್ನ ಕಿಟಕಿಯ ಪಕ್ಕದಲ್ಲೇ ನಿಂತು ಬರೆಯುತ್ತಿದ್ದರು. ಕೂಡ್ಲಿಗಿಗೆ ಒಂದು, ಹಗರಿಬೊಮ್ಮನಹಳ್ಳಿಗೆ ಒಂದು, ಹಡಗಲಿಗೆ ಒಂದು, ಹರಪನಹಳ್ಳಿಗೆ ಒಂದು. ಫೋನ್ ಮಾಡಬಹುದಲ್ಲ ಸರ ಅಂದರೆ, "ಫೋನಿನ್ಯಾಗ ಹೇಳಿದ್ದು ಗಾಳಿಗೆ ಹೋಗತೈತಪಾ, ಬರೆದಿದ್ದಾದ್ರ ಆಮ್ಯಾಲೆ ಯಾರೂ ಇಲ್ಲ ಅನ್ನಂಗಿಲ್ಲ" ಅನ್ನುತ್ತಿದ್ದರು. ಆ ಪತ್ರಗಳೆಲ್ಲ ಫುಟ್‌ಬಾಲಿನವು. ಐದು ಊರುಗಳ ತಂಡಗಳು ಸೇರಿ ಮಳೆಗಾಲದಲ್ಲಿ ಆಡುವ ಒಂದು ಕಪ್ಪಿನ ಪಂದ್ಯಾವಳಿಯನ್ನು ಅವರು ಹತ್ತು ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದಿದ್ದರು. ಕಾರ್ಯದರ್ಶಿಯೂ ಅವರೇ, ರೆಫ್ರಿಯೂ ಅವರೇ. ಜನ ಅದನ್ನು 'ಐದೂರ ಕಪ್ಪು' ಅನ್ನುತ್ತಿದ್ದರು.

ಮೇ ಕೊನೆಯ ಒಂದು ದಿನ ಟಪಾಲಿನ ಚೀಲ ಕೊಡುವುದು ತಡವಾಗಿ, ಹೊರಟ ಬಸ್ಸಿನ ಹಿಂದೆ ಚೀಲ ಹೊತ್ತುಕೊಂಡು ಓಡಿ, ಹಿಡಿದು, ಒಳಗೆ ಎಸೆದು ಬಂದೆ. ಮೇಷ್ಟ್ರು ಎದುರಿನ ಕಟ್ಟೆಯ ಮೇಲಿಂದ ನೋಡುತ್ತಿದ್ದರು.

"ನಿನ್ನ ಹೆಸರೇನಂದಿ?"

"ಮಂಜುನಾಥ ಸರ."

"ಮಂಜಾ, ನಾಳಿ ಬೆಳಿಗ್ಗಿ ಐದೂವರಿಗೆ ಸ್ಟೇಷನ್ ಹತ್ರ ಬಾ. ನನಗ ಒಬ್ಬ ಲೈನ್ಸ್‌ಮನ್ ಬೇಕಾಗ್ಯಾನ."

ಲೈನ್ಸ್‌ಮನ್ ಅಂದರೆ ಮೈದಾನದ ಅಂಚಿನಲ್ಲಿ ಬಾವುಟ ಹಿಡಿದು ಓಡುವವನು ಎಂಬಷ್ಟೇ ನನಗೆ ಗೊತ್ತಿದ್ದದ್ದು. ಆದರೂ ಹೋದೆ. ಕರೆದವರು ಅವರೊಬ್ಬರೇ ಆಗಿದ್ದರು.

ಆಗ ಕೊಟ್ಟೂರಿಗೆ ರೈಲು ನಿಂತುಹೋಗಿ ಮೂರು ವರ್ಷ. ಹಳಿಯ ಮಧ್ಯೆ ಎಕ್ಕೆ, ಜಾಲಿ ಬೆಳೆದಿದ್ದವು. ಅದರ ಬದಿಯ ಬಯಲೇ ನಮ್ಮ ಮೈದಾನ. ಮೇಷ್ಟ್ರು ನನಗಿಂತ ಎರಡು ಪಟ್ಟು ವಯಸ್ಸಿನವರು, ಆದರೂ ಓಟದಲ್ಲಿ ನನ್ನನ್ನು ಒಂದು ಸಲವೂ ಮುಂದೆ ಹೋಗಗೊಡಲಿಲ್ಲ. ಓಡುವಾಗ ಅವರ ತಲೆ ಅಲುಗಾಡುತ್ತಿರಲಿಲ್ಲ. ತಲೆಯ ಮೇಲೆ ತುಂಬಿದ ಚೆಂಬಿಟ್ಟಿದ್ದರೂ ಚೆಲ್ಲುತ್ತಿರಲಿಲ್ಲ. ಅವರು ಒಂದು ಕಾಲದಲ್ಲಿ ನೂರು ಮೀಟರ್ ಓಟದಲ್ಲಿ ರಾಜ್ಯಕ್ಕೆ ಮೊದಲನೆಯವರಾಗಿದ್ದರೆಂದು ಖಾನಾವಳಿಯಲ್ಲಿ ಕೇಳಿದ್ದೆ. ಹಳಿಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಅವರೇ ಒಂದಿಷ್ಟು ಹೇಳುತ್ತಿದ್ದರು. ಹಾಸ್ಟೆಲಿನಲ್ಲಿದ್ದಾಗ ಬರಿಗಾಲಲ್ಲಿ ಓಡಿದ್ದು, ಜಿಲ್ಲೆಗೆ ಬಂದಾಗ ಯಾರೋ ಕೊಟ್ಟ ಮೊಳೆ ಬೂಟು ಹಾಕಿಕೊಂಡು ಮೊದಲ ಹೆಜ್ಜೆಗೇ ಮುಗ್ಗರಿಸಿದ್ದು, ಮೈಸೂರಿನಲ್ಲಿ ರಾಜ್ಯದ ಪಂದ್ಯ ಗೆದ್ದದ್ದು. ಆ ಗೆಲುವಿನ ಸರ್ಟಿಫಿಕೇಟಿನಿಂದಲೇ ಡ್ರಿಲ್ ಮೇಷ್ಟ್ರ ತರಬೇತಿಗೆ ಸೀಟು ಸಿಕ್ಕಿತ್ತು. ತರಬೇತಿಯ ಎರಡನೆಯ ವರ್ಷ ತೊಡೆಯ ಹಿಂದಿನ ಸ್ನಾಯು ಹರಿಯಿತು. ಓಟ ಮುಗಿಯಿತು.

"ನಾಕು ತಿಂಗಳು ಮಂಚದ ಮ್ಯಾಲೆ. ಎದ್ದ ಮ್ಯಾಲೆ ಯಾರೋ ಒಂದು ಬಾವುಟ ಕೈಯಾಗ ಕೊಟ್ಟು ಫುಟ್‌ಬಾಲಿನ ಲೈನಿಗೆ ನಿಲ್ಲಿಸಿದ್ರು. ನೂರು ಮೀಟರ್ ಓಡಂಗಿಲ್ಲ, ಆದ್ರ ಹತ್ತು ಹತ್ತು ಮೀಟರ್ ಓಡಬೋದಲ್ಲ. ಅಲ್ಲಿಂದ ಸೀಟಿ ಬಂತು, ಇಲ್ಲೀತನಕ ಬಂದೀನಿ" ಎಂದರು. ಆಮೇಲೆ ನನ್ನ ಕನ್ನಡಕ ತೋರಿಸಿ, "ನೋಡು ಮಂಜಾ, ಈ ಕೆಲಸದಾಗ ಕಾಲಿಗಿಂತ ಕಣ್ಣು ಮುಖ್ಯ. ಕಂಡದ್ದಷ್ಟ ಹೇಳು" ಅಂದರು.

ಜೂನ್, ಜುಲೈ, ಆಗಸ್ಟ್. ಆ ಮೂರು ತಿಂಗಳು ನನ್ನ ಬದುಕಿನ ತೀರಾ ಖುಷಿಯ ದಿನಗಳು. ಭಾನುವಾರ ಬಂದರೆ ಮೇಷ್ಟ್ರ ಹಳೇ ರಾಜದೂತ್ ಬೈಕಿನ ಹಿಂದೆ ಕೂತು ಒಂದೊಂದು ಊರಿಗೆ ಹೋಗುವುದು. ಕೂಡ್ಲಿಗಿಯ ಕೆಂಪು ಮಣ್ಣಿನಲ್ಲಿ ಆಡಿದರೆ ಬಟ್ಟೆ ಎಷ್ಟು ಒಗೆದರೂ ಬಿಳುಪಾಗುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಮೈದಾನದ ಆಚೆಗೇ ಶೇಂಗಾ ಹೊಲ. ಚೆಂಡು ಹೊಲಕ್ಕೆ ಹೋದರೆ ತರಲು ಹೋದವನು ಬಾಯಾಡಿಸುತ್ತಲೇ ಬರುತ್ತಿದ್ದ. ಹಡಗಲಿಯಲ್ಲಿ ಆಟ ಮುಗಿದ ಮೇಲೆ ಯಾರಾದರೂ ಮೇಷ್ಟ್ರ ಕೈಗೆ ಒಂದು ಮೊಳ ಮಲ್ಲಿಗೆ ಕೊಡುತ್ತಿದ್ದರು. ಅದನ್ನವರು ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಕೊಟ್ಟೂರು ಮುಟ್ಟುವವರೆಗೆ ಜೇಬಿನಲ್ಲಿ ಜೋಪಾನ ಮಾಡಿ ಹೆಂಡತಿ ಗೌರಮ್ಮನವರಿಗೆ ಕೊಡುವರು. ಗೌರಮ್ಮ ನಮಗೆ ಒಗ್ಗರಣೆ ಮಂಡಕ್ಕಿ ಕಲಸಿ ಕೊಡುತ್ತ, "ಇವ್ರಿಗೆ ಚೆಂಡು ಮೊದಲನೇ ಸಂಸಾರ, ನಾನು ಎರಡನೇದು" ಅನ್ನುವರು. ಊರಿನವರು ನನ್ನನ್ನು 'ಲೈನ್ ಮಂಜ' ಅನ್ನತೊಡಗಿದ್ದರು. ಮಿರ್ಚಿ ಅಂಗಡಿಯಲ್ಲಿ ಕೊಟ್ಟೂರು ತಂಡದ ಕ್ಯಾಪ್ಟನ್ ಕೊಟ್ರೇಶ ನನ್ನ ಹೆಗಲ ಮೇಲೆ ಕೈ ಹಾಕಿ ನಿಲ್ಲುತ್ತಿದ್ದ. ನನಗೂ ಒಂದು ಊರಾಗಿತ್ತು.

ಆ ವರ್ಷದ ಫೈನಲ್ ಕೊಟ್ಟೂರಿಗೂ ಹರಪನಹಳ್ಳಿಗೂ. ಹರಪನಹಳ್ಳಿ ತಾಲೂಕು ಅದರ ಹಿಂದಿನ ವರ್ಷವಷ್ಟೇ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತ್ತು. ಬೇರೆ ಜಿಲ್ಲೆಯವರನ್ನು ಯಾಕೆ ಆಡಿಸಬೇಕೆಂದು ಕೆಲವರು ತಕರಾರು ತೆಗೆದಿದ್ದರು. ಮೇಷ್ಟ್ರು ಬಗ್ಗಲಿಲ್ಲ. "ಜಿಲ್ಲಾ ಬದಲಿ ಮಾಡಿದ್ರು, ಊರು ಎತ್ತಿಕೊಂಡು ಹೋಗ್ಯಾರೇನು?" ಎಂದಿದ್ದರು.

ಸೆಪ್ಟೆಂಬರಿನ ಭಾನುವಾರ. ನಮ್ಮ ಸ್ಟೇಷನ್ ಬಯಲು. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನದ ಮಳೆಗೆ ಅರ್ಧ ಕರಗಿತ್ತು. ಮತ್ತೆ ಎಳೆದರು, ಮತ್ತೆ ಮಳೆ ಬಂತು. ಆಟ ಮುಗಿಯಲು ಎರಡೋ ಮೂರೋ ನಿಮಿಷ, ಒಂದು-ಒಂದು. ಕೊಟ್ರೇಶ ದೂರದಿಂದ ಹೊಡೆದ ಚೆಂಡು ಹರಪನಹಳ್ಳಿಯ ಗೋಲಿನ ಮೇಲಿನ ಅಡ್ಡಕಂಬಕ್ಕೆ ಬಡಿದು ನೇರ ಕೆಳಗೆ ಬಿತ್ತು. ಕೆಸರು ಸಿಡಿಯಿತು. ಗೋಲ್‌ಕೀಪರ್ ಹನುಮಂತ ಅದರ ಮೇಲೆ ಬಿದ್ದು ತಬ್ಬಿಕೊಂಡ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳಬೇಕಾದವನು ನಾನು. ಆ ಕಡೆಯ ಬಾವುಟ ನನ್ನದು.

ನನ್ನ ಕನ್ನಡಕದ ತುಂಬ ನೀರು. ನನಗೆ ಏನೇನೂ ಕಂಡಿರಲಿಲ್ಲ.

ಸುತ್ತ ನಿಂತ ಇಡೀ ಕೊಟ್ಟೂರು "ಗೋಲ್!" ಎಂದು ಕೂಗುತ್ತಿತ್ತು. ಮೇಷ್ಟ್ರು ಕೆಸರಿನಲ್ಲಿ ಓಡಿ ಬಂದು ನನ್ನ ಮುಖಕ್ಕೆ ಮುಖ ಇಟ್ಟು ಕೇಳಿದರು: "ಒಳಗ ಬಿತ್ತಾ?"

ಕಾಣಲಿಲ್ಲ ಅನ್ನಲು ನಾಚಿಕೆಯಾಯಿತು. ಹೆಗಲ ಮೇಲೆ ಕೈ ಹಾಕುವ ಕೊಟ್ರೇಶ, ಲೈನ್ ಮಂಜ ಎಂದು ಕರೆಯುವ ಜನ, ಎಲ್ಲ ಅಲ್ಲೇ ನಿಂತಿದ್ದರು.

"ಬಿತ್ತು ಸರ" ಅಂದೆ.

ಮೇಷ್ಟ್ರು ಸೀಟಿ ಊದಿದರು. ಹನುಮಂತ ಚೆಂಡು ಬಿಟ್ಟು ನನ್ನ ಕಡೆ ಓಡಿ ಬಂದ. "ನನ್ನ ಎದಿ ಕೆಳಗೆ ಗೆರೆ ಇತ್ತಲೋ! ಗೆರೆ ಮೇಲೆ ಬಿದ್ದಿದ್ದು ಚೆಂಡು, ದಾಟಿಲ್ಲ! ಕಣ್ಣು ಕಾಣಲ್ವೇನೋ ನಿನಿಗೆ?" ಎಂದು ಅಂಗಿ ಹಿಡಿದು ನೂಕಿದ. ನಾನು ಬಿದ್ದೆ, ಕನ್ನಡಕ ಅವನ ಕಾಲಡಿ ಪುಡಿಯಾಯಿತು. ಜನ ನುಗ್ಗಿ ಬಿಡಿಸಿದರು. ಕೊಟ್ಟೂರು ಗೆದ್ದಿತು. ನನ್ನನ್ನೂ ಹೊತ್ತು ಕುಣಿದರು.

ಮೂರು ದಿನ ಬಿಟ್ಟು ಕಪ್ಪಿನ ಸಮಿತಿ ಸೇರಿ, ಲೈನ್ಸ್‌ಮನ್ ಮೇಲೆ ಕೈ ಮಾಡಿದ್ದಕ್ಕೆ ಹನುಮಂತ ಎರಡು ವರ್ಷ ಎಲ್ಲೂ ಆಡಬಾರದೆಂದು ನಿರ್ಣಯ ಮಾಡಿತು. ಅವನು ಹರಪನಹಳ್ಳಿ ತಾಲೂಕಿನ ತೆಲಿಗಿಯವನು, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮುಂದಿನ ತಿಂಗಳು ದಾವಣಗೆರೆಯಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಅವನ ಹೆಸರು ಹೋಗಿತ್ತಂತೆ. ಅದು ಬಿದ್ದುಹೋಯಿತು. ನಿರ್ಣಯದ ಪತ್ರ ಮೇಷ್ಟ್ರು ನನ್ನ ಕಿಟಕಿಯ ಪಕ್ಕ ನಿಂತೇ ಬರೆದರು. ನಾನೇ ಠಸ್ಸೆ ಹೊಡೆದು ಚೀಲಕ್ಕೆ ಹಾಕಿದೆ. ಹಾಕುವಾಗ ಕೈ ಸ್ವಲ್ಪ ತಡೆಯಿತು. ಮೇಷ್ಟ್ರು ಅದನ್ನು ನೋಡಿದರು.

ಆ ಭಾನುವಾರ ಪಂದ್ಯವೇನೂ ಇರಲಿಲ್ಲ, ಆದರೂ ರಾಜದೂತ್ ನನ್ನ ಕೋಣೆಯ ಮುಂದೆ ನಿಂತಿತು. "ಹತ್ತು" ಅಂದರು. ಕೂಡ್ಲಿಗಿ ದಾಟಿ ಕಾನಹೊಸಹಳ್ಳಿಗೆ ಹೋದೆವು. ಹೆದ್ದಾರಿಯ ಪಕ್ಕ ಒಂದು ಪಂಕ್ಚರ್ ಅಂಗಡಿ. ಲಾರಿಯ ಟೈರಿನ ಮೇಲೆ ಮೊಣಕಾಲೂರಿ ಕೂತಿದ್ದ ಒಬ್ಬ ದಪ್ಪ ಮೀಸೆಯ ಮನುಷ್ಯ ಎದ್ದು ನಿಂತು, "ಏನಲೇ ಪಂಪಾ, ದಾರಿ ತಪ್ಪಿ ಬಂದೀ?" ಎಂದು ನಕ್ಕ. ಅವನು ಪಾಲಯ್ಯ, ಮೇಷ್ಟ್ರ ಹಾಸ್ಟೆಲಿನ ಗೆಳೆಯ. ಜಿಲ್ಲೆಯಿಂದ ಮೈಸೂರಿಗೆ ಓಡಲು ಹೋದ ಇಬ್ಬರಲ್ಲಿ ಇನ್ನೊಬ್ಬ.

ಚಹಾ ಬಂತು. ಮೇಷ್ಟ್ರು ಲೋಟ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ.

"ಪಾಲಯ್ಯಾ, ಒಂದು ಮಾತು ಹೇಳ್ಬೇಕು. ಈ ತಮ್ಮನ ಮುಂದ ಹೇಳ್ತೀನಿ, ಯಾಕಂದ್ರ ಒಬ್ಬನ ಇದ್ರ ಮತ್ತ ಹೇಳದೇ ವಾಪಸ್ ಹೋಗಿಬಿಡ್ತೀನಿ. ಬಾಳ ಸಲ ಹಂಗ ಹೋಗೀನಿ."

"ಹೇಳಪಾ."

"ಮೈಸೂರಾಗ ನಾ ಗೆದ್ದಿದ್ದಿಲ್ಲ. ಓಟದ ಕೊನಿಗೆ ಕಟ್ಟಿದ ದಾರ ಹರಿದಿದ್ದು ನಿನ್ನ ಎದಿ. ಹರಿದ ದಾರ ಗಾಳಿಗೆ ಹಾರಿ ನನ್ನ ಕೊರಳಿಗೆ ಸುತ್ತಿಕೊಂತು. ನಮ್ಮಿಬ್ಬರವೂ ಒಂದ ಬಣ್ಣದ ಬನೀನು. ಆ ಜಡ್ಜು ಬಂದು ನನ್ನ ಕೇಳಿದ, ನೀನೇನಪ್ಪ ಮೊದಲು ಅಂತ. ನಾ ಹೌದ್ರಿ ಅಂದೆ."

ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಲಾರಿಗಳು ಹೋದವು. ಪಾಲಯ್ಯ ಕೈಯ ಗ್ರೀಸು ಒರೆಸಿಕೊಂಡ. ಸಿಟ್ಟು ಬರುತ್ತದೆಂದು ನಾನು ಕಾದೆ. ಸಿಟ್ಟು ಬರಲಿಲ್ಲ.

"ಅವತ್ತು ನನ್ನ ಎದೀಗೆ ಗೊತ್ತಿತ್ತೋ ಪಂಪಾ" ಅಂದ ಮೆಲ್ಲಗೆ. "ದಾರ ಬಡಿದದ್ದು ಗೊತ್ತಿತ್ತು. ಆದ್ರ ಎಲ್ಲಾರೂ ನೀನ ಗೆದ್ದಿ ಅಂದ್ರು. ನೀನೂ ಅಂದಿ. ನೀ ಸುಳ್ಳು ಹೇಳಂಗಿಲ್ಲ ಅಂತ ನನಗ ನಂಬಿಕಿ. ಹಂಗಾಗಿ, ನನಗ ಬಡಿದಂಗ ಅನಿಸಿದ್ದ ಸುಳ್ಳು ಅಂತ ತಿಳಕೊಂಡೆ. ಅಲ್ಲಿಂದ ಈಚಿಗೆ ಯಾವುದಕ್ಕೂ ನನ್ನ ಮ್ಯಾಲೆ ನನಗ ಖಾತ್ರಿ ಇಲ್ದಂಗ ಆತು ನೋಡು. ಓಟ ಬಿಟ್ಟಿದ್ದೂ ಅದಕ್ಕ."

ಮೇಷ್ಟ್ರು ತಲೆ ತಗ್ಗಿಸಿದರು. ಅವರ ಕಣ್ಣೀರು ಚಹಾದ ಲೋಟಕ್ಕೇ ಬಿತ್ತು. ಪಾಲಯ್ಯ ಅವರನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಟೈರಿಗೆ ಗಾಳಿ ತುಂಬತೊಡಗಿದ. ನಾವು ಹೊರಟಾಗ ಮಾತ್ರ ಬೆನ್ನು ತಿರುಗಿಸಿಕೊಂಡೇ, "ಮತ್ತ ಬಾ" ಅಂದ.

ವಾಪಸು ಬರುವಾಗ ಕೂಡ್ಲಿಗಿ ಇನ್ನೂ ಮುಂದಿರುವಾಗ ನಾನು ಮೇಷ್ಟ್ರ ಬೆನ್ನಿಗೆ ಹೇಳಿದೆ: "ಸರ, ನನಗ ಚೆಂಡು ಕಂಡಿದ್ದಿಲ್ಲ."

ಅವರು ಗಾಡಿ ನಿಲ್ಲಿಸಲಿಲ್ಲ. "ಗೊತ್ತೈತಿ. ನಿನ್ನ ಕೇಳಬೇಕಾದ್ರ ನಾನೂ ನಿನ್ನ ಚಾಳೀಸಿನ ಮ್ಯಾಲೆ ನೀರು ನೋಡಿದ್ದೆ. ನೋಡಿದ್ರೂ ಸೀಟಿ ಊದಿದೆ. ಅದು ನನ್ನ ತಪ್ಪು. ನಿಂದು ನೀ ನೋಡ್ಕೊ" ಅಂದರು.

ಮರುದಿನ ಅರ್ಧ ದಿನ ರಜೆ ಹಾಕಿ ಹರಪನಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ತೆಲಿಗಿಗೆ ಹೋದೆ. ಹನುಮಂತ ಮನೆಯ ಮುಂದೆ ಟ್ರ್ಯಾಕ್ಟರಿನ ಚಕ್ರದ ಕೆಸರು ಕೆರೆಯುತ್ತಿದ್ದ. ನನ್ನನ್ನು ನೋಡಿ ಎದ್ದ. ಹೊಡೆಯುತ್ತಾನೆಂದುಕೊಂಡೆ. ಕಾಣದೇ ಹೇಳಿದೆ ಅಂದೆ, ತಪ್ಪಾಯಿತು ಅಂದೆ. ಅವನು ಕೆರೆಯುವ ಕಬ್ಬಿಣವನ್ನು ಕೈಯಲ್ಲಿ ಹಿಡಿದೇ ಕೇಳಿಸಿಕೊಂಡ.

"ನನ್ನ ಹತ್ರ ಹೇಳಿದ್ರೆ ಏನಾತಪ್ಪ? ನನಿಗೆ ಗೊತ್ತಿದ್ದಿದ್ದೇ ಅದು. ಐದೂ ಊರೋರ ಮುಂದೆ ಹೇಳು."

"ಹೇಳ್ತೀನಿ."

"ಹೇಳಿದ ಮೇಲೆ ನಂಬ್ತೀನಿ. ಬಸ್ಸು ಇನ್ನು ಅರ್ಧ ತಾಸಿಗೆ ಐತಿ, ಅಲ್ಲೀತನಕ ಒಳಗೆ ಕೂರು ಬಾ" ಎಂದ. ಅವನ ಅವ್ವ ರೊಟ್ಟಿ ಬಡಿದು ಹಾಕಿದರು. ಅವನು ನನ್ನ ಎದುರಿಗೇ ಕೂತು ಉಂಡ.

ಐದೂರಿನವರ ಸಭೆ ಮೇಷ್ಟ್ರ ಶಾಲೆಯ ಒಂದು ಕೋಣೆಯಲ್ಲಿ ನಡೆಯಿತು. ನಾನು ನಿಂತು ಹೇಳಿದೆ. ನನ್ನ ಮಾತು ಮುಗಿಯುವ ಮುಂಚೆಯೇ ಕೊಟ್ರೇಶ ಎದ್ದು, "ನಮ್ಮೂರ ಅನ್ನ ಉಂಡು ನಮಗ ಹಿಂಗ ಮಾಡ್ತೀ ಅಲ್ಲಲೇ!" ಎಂದು ಕುರ್ಚಿ ಒದ್ದು ಹೊರಗೆ ಹೋದ. ಮೇಷ್ಟ್ರು ಎದ್ದು ನಿಂತು, ನೀರು ನೋಡಿಯೂ ಊದಿದ್ದು ತಮ್ಮ ತಪ್ಪೆಂದು ಹೇಳಿ, ಕಪ್ಪನ್ನು ಮೇಜಿನ ಮೇಲಿಟ್ಟರು. "ನೂಕಿದ್ದಕ್ಕ ಹನುಮಂತ ಮಂಜನ ಚಾಳೀಸಿನ ರೊಕ್ಕ ಕೊಡ್ಲಿ. ಎರಡು ವರ್ಷದ ಶಿಕ್ಷಾ ತಗೀರಿ. ಮ್ಯಾಚು ಹಡಗಲ್ಯಾಗ ಮತ್ತ ಆಡಸ್ರಿ. ಅದಾದ ಮ್ಯಾಲೆ ನಾ ಸೀಟಿ ಕೆಳಗ ಇಡ್ತೀನಿ" ಅಂದರು. ಬಹಳ ಗದ್ದಲವಾಯಿತು. ಕೊನೆಗೆ ಒಪ್ಪಿದರು.

ಆ ಆಟದವರೆಗಿನ ಎರಡು ವಾರ ಕೊಟ್ಟೂರಿನಲ್ಲಿ ನನ್ನೊಡನೆ ಯಾರೂ ಮಾತಾಡಲಿಲ್ಲ. ಮಿರ್ಚಿ ಅಂಗಡಿಯವನು ಪೊಟ್ಟಣ ಕಟ್ಟಿ ಕಟ್ಟೆಯ ಮೇಲಿಟ್ಟು ಮುಖ ತಿರುಗಿಸುವನು. ಮತ್ತೆ ನಾನು 'ಪೋಸ್ಟಿನವ್ರು' ಆದೆ. ವರ್ಗಾವಣೆಗೆ ಅರ್ಜಿ ಬರೆದೆ, ಹರಿದೆ. ಗೌರಮ್ಮ ಮಾತ್ರ ದಿನಾ ಸಂಜೆ ಯಾರ ಕೈಯಲ್ಲಾದರೂ ಒಂದು ಡಬ್ಬಿ ಊಟ ಕಳಿಸುತ್ತಿದ್ದರು.

ಅಕ್ಟೋಬರಿನಲ್ಲಿ ಹಡಗಲಿಯ ಬಯಲಿನಲ್ಲಿ ಮತ್ತೆ ಆಟ. ಮಳೆ ಹಿಂದಾಗಿ ಬಿಸಿಲು ಬಿದ್ದಿತ್ತು. ಬಾವುಟ ನನ್ನ ಕೈಗೇ ಕೊಟ್ಟರು ಮೇಷ್ಟ್ರು. ಕೊಟ್ಟೂರಿನವರು ಕೂಗಾಡಿದರು, ಅವರು ಕೇಳಲಿಲ್ಲ. ಹನುಮಂತ ಆ ದಿನ ಗೋಲಿನಲ್ಲಿ ಚಿರತೆಯಂತಿದ್ದ, ಆದರೂ ಕೊಟ್ರೇಶ ಎರಡು ಗೋಲು ಹೊಡೆದ. ಎರಡೂ ಬಲೆಗೆ ಸಿಕ್ಕಿ ನೇತಾಡಿದವು, ಯಾರನ್ನೂ ಕೇಳುವಂತಿರಲಿಲ್ಲ. ಹರಪನಹಳ್ಳಿ ಒಂದೇ ಹೊಡೆಯಿತು. ಆಟ ಮುಗಿದ ಕೂಡಲೇ ಕೊಟ್ರೇಶ ನೇರ ನನ್ನ ಹತ್ತಿರ ಬಂದ.

"ಅವತ್ತು ಗೆದ್ದಂಗ ಅನ್ನಿಸಿದ್ದಿಲ್ಲಲೇ ಮಂಜಾ" ಅಂದ. "ಇವತ್ತು ಗೆದ್ವಿ."

ಹನುಮಂತ ಸೋತಿದ್ದಕ್ಕೆ ಗೋಲಿನ ಕಂಬಕ್ಕೆ ಒರಗಿ ಅಳುತ್ತಿದ್ದ. ಮುಂದಿನ ವಾರ ಅವನು ದಾವಣಗೆರೆಗೆ ಹೋಗಿ ಜಿಲ್ಲಾ ತಂಡಕ್ಕೆ ಆಯ್ಕೆಯಾದ. ಐದು ವರ್ಷ ಆಡಿದ. ಕನ್ನಡಕದ ರೊಕ್ಕವನ್ನು ಹಡಗಲಿಯ ಆಟದ ದಿನವೇ ಕೊಡಲು ಬಂದ, ಬೇಡ ಅಂದೆ, ಅಂಗಿಯ ಜೇಬಿಗೆ ತುರುಕಿ ಹೋದ.

ಬಹುಮಾನ ಕೊಡಲು ಮೇಷ್ಟ್ರು ಯಾವ ದೊಡ್ಡವರನ್ನೂ ಕರೆದಿರಲಿಲ್ಲ. ಮೇಜಿನ ಹಿಂದೆ ಪಾಲಯ್ಯ ಕೂತಿದ್ದ, ಒಗೆದ ಬಿಳಿ ಅಂಗಿ ತೊಟ್ಟು. ಪಕ್ಕದಲ್ಲಿ ಹೆಂಡತಿ ತಿಪ್ಪಮ್ಮ. ಅಷ್ಟು ಜನರ ಮುಂದೆ ಮೊದಲ ಸಲ ಕುರ್ಚಿಯ ಮೇಲೆ ಕೂತವಳಂತೆ ಸೆರಗು ಎಳೆದೆಳೆದು ಸರಿ ಮಾಡಿಕೊಳ್ಳುತ್ತಿದ್ದಳು. ಮೇಷ್ಟ್ರು ಮೈಕ್ ಹಿಡಿದರು. ಮೈಸೂರಿನ ಓಟವನ್ನು ಹೇಳಿದರು. ದಾರ ಹರಿದದ್ದು ಯಾರ ಎದೆ, ಹೌದ್ರಿ ಅಂದದ್ದು ಯಾರ ಬಾಯಿ, ಆ ಸರ್ಟಿಫಿಕೇಟಿನಿಂದ ಯಾರಿಗೆ ನೌಕರಿ ಸಿಕ್ಕಿತು, ಯಾರು ಲಾರಿ ಕ್ಲೀನರ್ ಆದರು, ಒಂದನ್ನೂ ಬಿಡಲಿಲ್ಲ. "ರಾಜ್ಯಕ್ಕ ಮೊದಲು ಬಂದ ಓಟಗಾರ ಇಲ್ಲಿ ಕುಂತಾನ. ಕಪ್ ಅವನ ಕೈಲೆ ತಗೋರಿ" ಎಂದು ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಚಪ್ಪಾಳೆ ಬರಲಿಲ್ಲ. ಜನ ಬೆಪ್ಪಾಗಿ ನಿಂತಿದ್ದರು. ಪಾಲಯ್ಯ ಎದ್ದು ಕೊಟ್ರೇಶನಿಗೆ ಕಪ್ಪು ಕೊಟ್ಟ, ಆಮೇಲೆ ಮೇಷ್ಟ್ರ ಭುಜ ಹಿಡಿದು ನಿಂತ.

ಮೇಷ್ಟ್ರು ಮತ್ತೆಂದೂ ಸೀಟಿ ಊದಲಿಲ್ಲ. ಪಂದ್ಯ ಇದ್ದ ದಿನ ಜನರ ನಡುವೆ ನಿಂತು ನೋಡುವರು. ಅವರು ತೀರಿಕೊಂಡು ಈಗ ಒಂಬತ್ತು ವರ್ಷ. ನನಗೆ ಮರುವರ್ಷವೇ ವರ್ಗವಾಯಿತು. ಅನೇಕ ಊರುಗಳಲ್ಲಿ ಕೆಲಸ ಮಾಡಿದೆ, ಅಂಥ ಮಳೆಗಾಲ ಮತ್ತೆ ಸಿಗಲಿಲ್ಲ.

ಕಪ್ಪು ಕೊಟ್ಟ ಆ ದಿನ ಹಡಗಲಿಯಿಂದ ಹೊರಟ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಪಾಲಯ್ಯ ದಂಪತಿಯ ಹಿಂದೆ. ಊರು ದಾಟುವವರೆಗೆ ತಿಪ್ಪಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇಷ್ಟು ವರ್ಷ ಯಾಕ ಹೇಳಲಿಲ್ರಿ ನನಗ?"

"ನನಗ ಖಾತ್ರಿ ಇದ್ದಿಲ್ಲ" ಅಂದ ಪಾಲಯ್ಯ.

"ಈಗ ಐತೇನು?"

ಅವನು ಹೂಂಗುಟ್ಟಿದ. ಅವಳು ಸೆರಗು ಕಟ್ಟಿಕೊಂಡು ಸರಿಯಾಗಿ ಕೂತಳು.

"ಹಂಗಾರ ಹೇಳ್ರಿ. ಮೈಸೂರಿಗೆ ಯಾವ ಬಂಡಿಗೆ ಹೋದ್ರಿ, ಏನು ಉಂಡ್ರಿ, ಎಲ್ಲಿ ನಿಂತ್ರಿ, ಹೆಂಗ ಓಡಿದ್ರಿ. ಎಲ್ಲಾ ಹೇಳ್ರಿ."

ಪಾಲಯ್ಯ ಹೇಳತೊಡಗಿದ. ಕೊಟ್ಟೂರಿನ ಬಸ್ಸು ಹಿಡಿಯಲು ಹಗರಿಬೊಮ್ಮನಹಳ್ಳಿಯಲ್ಲಿ ನಾನು ಇಳಿಯುವಾಗ ಅವನಿನ್ನೂ ಓಟದ ಗೆರೆಗೆ ಬಂದು ನಿಂತಿರಲಿಲ್ಲ.